ಹುಳಿ ಮೊದಲು, ಹಣ್ಣು ಆಮೇಲೆ

ಬರ್ಲಿನ್, ಜುಲೈ 13, 2025, ಭಾನುವಾರ

ಬರ್ಲಿನರ್ ವೈಸೆ ಎಂಬ ಇಲ್ಲಿನ ಹುಳಿ ಬಿಯರನ್ನು ಮನೆಯಲ್ಲೇ ಮಾಡುತ್ತಿದ್ದೇನೆ, ಕೊನೆಗೆ ರಾಸ್ಪ್‌ಬೆರಿ ಹಾಕುವ ಯೋಚನೆ. ಬೆಳಿಗ್ಗೆ ಎದ್ದವನೇ ಪಾತ್ರೆಯ ಮುಚ್ಚಳ ತೆಗೆದು ಮೂಸಿದೆ. ಕೆಟ್ಟ ವಾಸನೆಯಿಲ್ಲ, ಹಿತವಾದ ಹುಳಿ.

ನಿನ್ನೆ ಗೋಧಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) 800 ಗ್ರಾಂ, ಬಾರ್ಲಿ ಮಾಲ್ಟ್ 800 ಗ್ರಾಂ ಸೇರಿಸಿ, 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಸುಮಾರು ಹತ್ತು ಲೀಟರ್ ಸಿಹಿಯಾದ ಮಾಲ್ಟ್ ರಸ ಬಸಿದುಕೊಂಡೆ. ಗೋಧಿಗೆ ಸಿಪ್ಪೆಯಿಲ್ಲದ ಕಾರಣ ಅದು ಅಂಟಾಗಿ ಕೂತು ನೀರನ್ನು ಕೆಳಗೆ ಬಿಡುವುದಿಲ್ಲ. ಅದಕ್ಕೆಂದೇ ಬಿಯರ್ ಸಾಮಾನಿನ ಅಂಗಡಿಯಲ್ಲಿ ಭತ್ತದ ಹೊಟ್ಟನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಮಂಡ್ಯದಲ್ಲಿ ಹುಟ್ಟಿದವನು ಭತ್ತದ ಹೊಟ್ಟಿಗೆ ಯೂರೋ ಎಣಿಸಿಕೊಟ್ಟ ಸಂಗತಿಯನ್ನು ಅಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ.

ಬಸಿದದ್ದನ್ನು ಒಮ್ಮೆ ಕುದಿಸಿ, 35 ಡಿಗ್ರಿಗೆ ಆರಿಸಿ, ಲ್ಯಾಕ್ಟಿಕ್ ಆಮ್ಲದ ಕೆಲವು ಹನಿಗಳಿಂದ ಪಿಎಚ್ 4.5ಕ್ಕೆ ಇಳಿಸಿದೆ (ಪಿಎಚ್ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ಬೇಡದ ಬ್ಯಾಕ್ಟೀರಿಯಾಗಳು ಮೊದಲೇ ಬಂದು ಕೂರದಂತೆ ಈ ಕಾವಲು. ಆಮೇಲೆ ಹುಳಿ ಬರಿಸುವ ಬ್ಯಾಕ್ಟೀರಿಯಾ ಲ್ಯಾಕ್ಟೋಬ್ಯಾಸಿಲಸ್‌ನ ಪುಡಿ ಹಾಕಿ, ಗಾಳಿಯಾಡದಂತೆ ಮುಚ್ಚಿ, ಕಂಬಳಿ ಸುತ್ತಿಟ್ಟೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಇನ್ನೂ ಹಾಕುವಂತಿಲ್ಲ. ಅದರ ಕಹಿಯನ್ನು ಈ ಬ್ಯಾಕ್ಟೀರಿಯಾ ಸಹಿಸುವುದಿಲ್ಲ.

"ಇಷ್ಟಕ್ಕೆ ಒಂದು ಚಮಚ ಮೊಸರು ಸಾಕಾಗುತ್ತಿರಲಿಲ್ಲವೇ?" ಎಂದು ನನ್ನವಳು ಕೇಳಿದಳು. ಕೇಳಿದ್ದು ತಮಾಷೆಗೆ, ಆದರೆ ಪ್ರಶ್ನೆ ತಮಾಷೆಯದಲ್ಲ. ಬರ್ಲಿನ್ನಿನಲ್ಲೇ ಹುದುಗುವಿಕೆಯ ಸಂಶೋಧನೆ ನಡೆಸಿದ ಮ್ಯಾಕ್ಸ್ ಡೆಲ್ಬ್ರೂಕ್ ಅವರ ಹೆಸರನ್ನು ಹೊತ್ತ ಲ್ಯಾಕ್ಟೋಬ್ಯಾಸಿಲಸ್ ಒಂದಿದೆ. ಯೋಗರ್ಟ್ ಮಾಡುವ ಬಲ್ಗೇರಿಕಸ್ ಅದರ ಉಪಪ್ರಭೇದವೇ. ಮೊಸರಿನಿಂದಲೂ ಆಗಬಹುದು. ಆದರೆ ಮೊಸರಿನಲ್ಲಿ ಇನ್ನೂ ಯಾರು ಯಾರು ವಾಸವಿದ್ದಾರೋ ಯಾರಿಗೆ ಗೊತ್ತು? ಹತ್ತು ಲೀಟರ್ ಪಣಕ್ಕಿಡಲು ನಾನು ಸಿದ್ಧನಿಲ್ಲ.

ಸಂಜೆ ಪಿಎಚ್ 3.5. ಅಲ್ಲಿಗೇ ನಿಲ್ಲಿಸಿದೆ. 3.2ರವರೆಗೂ ಬಿಡುವವರಿದ್ದಾರೆ, ಆದರೆ ರಾಸ್ಪ್‌ಬೆರಿ ತನ್ನ ಹುಳಿಯನ್ನೂ ತರುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾಲ್ಕು ಗ್ರಾಂ ಹಾಪ್ಸ್ ಹಾಕಿ ಕಾಲು ಗಂಟೆ ಕುದಿಸಿದೆ, ಬ್ಯಾಕ್ಟೀರಿಯಾದ ಕೆಲಸ ಮುಗಿಯಿತು. ಆರಿದ ಮೇಲೆ ಯೀಸ್ಟ್.

ಜುಲೈ 19, ಶನಿವಾರ

ರಸದಲ್ಲಿ ಸಕ್ಕರೆ ಎಷ್ಟು ಉಳಿದಿದೆ ಎಂದು ಸಾಂದ್ರತೆಯಿಂದ ತೋರಿಸುವ ಹೈಡ್ರೋಮೀಟರ್ 1.033ರಿಂದ 1.008ಕ್ಕೆ ಇಳಿದಿದೆ. ಮದ್ಯಾಂಶ ಶೇಕಡ ಮೂರರ ಆಸುಪಾಸು, ಬರ್ಲಿನರ್ ವೈಸೆಗೆ ಹೇಳಿದ ಮಟ್ಟ. ಇಂದು ಹಣ್ಣಿನ ಸರದಿ.

ಇಲ್ಲಿನ ಹೋಟೆಲುಗಳಲ್ಲಿ ಈ ಬಿಯರ್ ಕೇಳಿದರೆ "ಕೆಂಪೋ, ಹಸಿರೋ?" ಎನ್ನುತ್ತಾರೆ. ಕೆಂಪೆಂದರೆ ರಾಸ್ಪ್‌ಬೆರಿ ಸಿರಪ್, ಹಸಿರೆಂದರೆ ವಾಲ್ಡ್‌ಮೈಸ್ಟರ್ ಎಂಬ ಕಾಡುಸೊಪ್ಪಿನ ಸಿರಪ್. ಲೋಟಕ್ಕೆ ಸುರಿದ ಸಕ್ಕರೆ ಸಕ್ಕರೆಯಾಗಿಯೇ ಉಳಿದು ಹುಳಿಯ ಬಾಯಿ ಮುಚ್ಚಿಸುತ್ತದೆ. ಆ ಕೆಂಪು ಲೋಟ ನನಗೆ ಜ್ವರದ ಔಷಧಿಯ ಹಾಗೆ. ಹಣ್ಣನ್ನು ಹುದುಗುವಾಗಲೇ ಹಾಕಿದರೆ ಸಿಹಿಯನ್ನು ಯೀಸ್ಟ್ ತಿಂದುಬಿಡುತ್ತದೆ. ಬಣ್ಣ, ಘಮ, ಹಣ್ಣಿನ ಹುಳಿ ನಮಗೆ ಉಳಿಯುತ್ತವೆ.

ಒಂದೂವರೆ ಕಿಲೋ ರಾಸ್ಪ್‌ಬೆರಿಯನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟಿದ್ದೆ. ಮಂಜುಗಟ್ಟಿದಾಗ ಹಣ್ಣಿನ ಜೀವಕೋಶಗಳು ಒಡೆಯುವುದರಿಂದ ಕರಗಿದಾಗ ರಸ ತಾನಾಗಿ ಬಿಡುತ್ತದೆ, ಹಿಸುಕಬೇಕಾಗಿಲ್ಲ. ಎರಡು ಲೀಟರ್ ಬಿಯರನ್ನು ಹಣ್ಣಿಲ್ಲದೆ ಬೇರೆ ಇಟ್ಟು, ಉಳಿದದ್ದಕ್ಕೆಲ್ಲ ಸುರಿದೆ. ಸಂಜೆಯ ಹೊತ್ತಿಗೆ ಮತ್ತೆ ಗುಳುಗುಳು ಶುರುವಾಗಿ ಗುಲಾಬಿ ನೊರೆ ಮೇಲೆದ್ದಿತು.

ಬಾಟಲಿಗೆ ತುಂಬಲು ಅವಸರವಿಲ್ಲ. ಹಣ್ಣಿನ ಸಕ್ಕರೆ ಪೂರ್ತಿ ತೀರದೆ ಬಿರಡೆ ಹಾಕಿದರೆ ಒಳಗೆ ಅನಿಲ ಹೆಚ್ಚಿ ಗಾಜು ಸಿಡಿಯುತ್ತದೆ. ಹೈಡ್ರೋಮೀಟರ್ ಒಂದೇ ಅಂಕಿಗೆ ನಿಲ್ಲುವವರೆಗೆ ಕಾಯಬೇಕು. ಮೇಲಾಗಿ ಈ ಬಿಯರಿಗೆ ನೊರೆ ಜಾಸ್ತಿಯೇ ಇರಬೇಕು. ನೆಪೋಲಿಯನ್ ಸೈನಿಕರು ಇದನ್ನು ಉತ್ತರದ ಶಾಂಪೇನ್ ಎಂದು ಕರೆದರಂತೆ. ಹಾಗಾಗಿ ದಪ್ಪ ಗಾಜಿನ ಶಾಂಪೇನ್ ಬಾಟಲಿಗಳನ್ನು ಕೂಡಿಡುತ್ತಿದ್ದೇನೆ.

ಇಷ್ಟೆಲ್ಲ ನಿಶ್ಚಿಂತೆಯಿಂದ ಬರೆಯಲು ಕಾರಣ, ಜರ್ಮನಿಯಲ್ಲಿ 2024ರಿಂದ ಮನೆಬಳಕೆಗೆ ವರ್ಷಕ್ಕೆ 500 ಲೀಟರ್‌ವರೆಗೆ ಬಿಯರ್ ತೆರಿಗೆಯಿಲ್ಲ. ಮೊದಲು ಆ ಮಿತಿ 200 ಲೀಟರ್ ಇತ್ತು. ಊರಿನಲ್ಲಾದರೆ ಪರವಾನಗಿ ಇಲ್ಲದ ಈ ಪಾತ್ರೆಯನ್ನು ನೋಡಲು ಅಬಕಾರಿಯವರು ಬರುತ್ತಿದ್ದರು.

ಬೇರೆ ಇಟ್ಟ ಎರಡು ಲೀಟರ್ ಇವಳ ಪಾಲು. ಸಿರಪ್ ಬಾಟಲಿಯನ್ನೂ ಆಗಲೇ ತಂದಿಟ್ಟಿದ್ದಾಳೆ, ಅದೂ ಹಸಿರು.