ಕಪ್ಪು ರಿಬ್ಬನ್ನಿನ ಭಾನುವಾರ

ಆಗಸ್ಟ್ 10 ಅಂದ್ರೆ ಬಹಳ ಜನಕ್ಕೆ ಏನೂ ನೆನಪಾಗಲ್ಲ, ನಮ್ಮ ಮನೇಲಿ ಮಾತ್ರ ಅದರ ಹಿಂದಿನ ದಿನ ರಾತ್ರಿ ಅವ್ವ ಹಳೇ ಛತ್ರಿ ಹುಡುಕ್ತಾಳೆ. ಛತ್ರಿ ಬಟ್ಟೆ ಬಿಚ್ಚಿ ಬೆರಳುದ್ದ ಪಟ್ಟಿ ಪಟ್ಟಿ ಕತ್ತರಿಸಿ, ದಾರ ಬಿಡಬಾರ್ದು ಅಂತ ಪ್ರತಿ ಪಟ್ಟಿಯ ಅಂಚಿಗೆ ಕಡ್ಡಿ ಗೀರಿ ಒಂಚೂರು ಸುಟ್ಟು, ಒಂದೊಂದಕ್ಕೂ ಒಂದು ಪಿನ್ನು ಚುಚ್ಚಿ ತಟ್ಟೇಲಿ ಇಡ್ತಾಳೆ. ಅಂಗಡೀಲಿ ರಿಬ್ಬನ್ ಸಿಗುತ್ತಲ್ಲಾ ಅಂದ್ರೆ "ವರ್ಷಕ್ಕೊಂದು ಛತ್ರಿ ಹೆಂಗೂ ಮುರೀತದ, ಅದಕ್ಯಾಕ ರೊಕ್ಕ" ಅಂತಾಳೆ. 2025ರಲ್ಲಿ ಆ ದಿನ ಭಾನುವಾರ ಬಿದ್ದಿತ್ತು, ಎರಡನೇ ಶನಿವಾರ ಸೇರಿಸ್ಕೊಂಡು ನಾನು ಊರಿಗೆ ಬಂದಿದ್ದೆ, ಹಂಗಾಗಿ ಎಷ್ಟೋ ವರ್ಷದ ಮೇಲೆ ಪಟ್ಟಿ ಸುಡೋ ಆ ವಾಸನೆ ಮತ್ತೆ ಮೂಗಿಗೆ ಬಡೀತು. ಅವತ್ತೇ ಬೆಂಗಳೂರಲ್ಲಿ ಮೆಟ್ರೋ ಹಳದಿ ಮಾರ್ಗದ ಉದ್ಘಾಟನೆ, ಪ್ರಧಾನಿ ಬಂದಿದ್ರು, ನನ್ನ ಆಫೀಸ್ ಗ್ರೂಪಲ್ಲಿ ಬೆಳಿಗ್ಗೆಯಿಂದ ಅದೇ ಫೋಟೋ.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಂಥ ದಲಿತ ಕ್ರೈಸ್ತರಿಗೆ ಅದು ಕಪ್ಪು ದಿನ, ಪ್ರತಿಭಟನೆ ಅಂತ ಈ ಕಪ್ಪು ಪಟ್ಟಿ ಎದೆಗೆ ಚುಚ್ಕೊಳ್ತೀವಿ. 1950ರ ಆಗಸ್ಟ್ 10ಕ್ಕೆ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಸಹಿಯಲ್ಲಿ ಪರಿಶಿಷ್ಟ ಜಾತಿಗಳ ಆದೇಶ ಹೊರಟಿತು. ಅದರ ಮೂರನೇ ಪ್ಯಾರಾದಲ್ಲಿ ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಪಾಲಿಸೋರು ಪರಿಶಿಷ್ಟ ಜಾತಿಯವರು ಅಂತ ಲೆಕ್ಕಕ್ಕೆ ಬರಲ್ಲ ಅಂತ ಇತ್ತು. 1956ರಲ್ಲಿ ತಿದ್ದುಪಡಿ ಮಾಡಿ ಸಿಖ್ಖರನ್ನ ಸೇರಿಸಿದ್ರು, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತರಾದ ದಲಿತರು, ಮುಸಲ್ಮಾನರಾದ ದಲಿತರು ಇನ್ನೂ ಬಾಗಿಲ ಹೊರಗೇ. ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರಾಗಿ ರಿಟೈರ್ ಆದವರು, ಇದನ್ನ ನಮಗೆ ಚಿಕ್ಕವಯಸ್ಸಲ್ಲೇ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ರು, ಕೊನೆಗೆ ಒಂದು ಮಾತು ಸೇರಿಸೋರು, "ನಮ್ ಜಾತಿ ಹೋಗ್ಯದ ಅಂತ ದಿಲ್ಲಿಯವ್ರಿಗಿ ಗೊತ್ತಾತು ನೋಡವ್ವಾ, ಊರ ಬಾವಿಗಿ ಇನ್ನಾ ಗೊತ್ತಾಗಿಲ್ಲ."

ನಮ್ಮ ಮನೆ, ಕಾಕಾನ ಮನೆ ಎರಡಕ್ಕೂ ನಡುವೆ ಒಂದೇ ಗೋಡೆ. ಈ ಕಡೆ ನಮ್ಮ ಹತ್ರ ಇರೋದು ಹಿಂದುಳಿದ ವರ್ಗಗಳ ಪ್ರವರ್ಗ 1ರ ಸರ್ಟಿಫಿಕೇಟ್, ಯಾಕಂದ್ರೆ ಕರ್ನಾಟಕದಲ್ಲಿ ಕ್ರೈಸ್ತಕ್ಕೆ ಮತಾಂತರವಾದ ಪರಿಶಿಷ್ಟರನ್ನ ಅಲ್ಲಿಗೆ ಹಾಕಿದಾರೆ, ಆ ಪ್ರವರ್ಗಕ್ಕೆಲ್ಲಾ ಸೇರಿ ಇರೋ ಮೀಸಲಾತಿ 4 ಪರ್ಸೆಂಟು. ಆ ಕಡೆ ಕಾಕಾನ ಮನೇಲಿ ಎಸ್‌ಸಿ ಸರ್ಟಿಫಿಕೇಟ್. ಅಜ್ಜ ಇಬ್ಬರನ್ನೂ ಶಾಲೆಗೆ ಸೇರಿಸಿದ್ದ, ಅಪ್ಪನ ಹೆಸರು ಬರೆಸೋವಾಗ ಕ್ರಿಶ್ಚಿಯನ್ ಅಂದ, ಆರು ವರ್ಷ ಆದ್ಮೇಲೆ ಕಾಕಾನ ಹೆಸರು ಬರೆಸೋವಾಗ ಆಗಿನ ಹೆಡ್‌ಮಾಸ್ಟರ್ರು "ಹಿಂದೂ ಅಂತ ಬರಸಪಾ, ಹುಡುಗ್ಗ ಹಾಸ್ಟೆಲ್ ಸಿಗ್ತದ" ಅಂದ್ರಂತೆ, ಅಜ್ಜ ಹೂಂ ಅಂದನಂತೆ. ಅಷ್ಟೇ ವ್ಯತ್ಯಾಸ. ಇಬ್ಬರೂ ಭಾನುವಾರ ಒಂದೇ ಗುಡಿಗೆ, ಅಂದ್ರೆ ಚರ್ಚಿಗೆ, ಹೋಗಿ ಒಂದೇ ಕೀರ್ತನೆ ಹಾಡಿದವರು, ಇಬ್ಬರನ್ನೂ ಊರಲ್ಲಿ ಕರೆಯೋದು ಒಂದೇ ಜಾತಿ ಹೆಸರಿಂದ. ಕಾಕಾ ಮಾಡಿದ್ದು ಕಳ್ಳತನ ಅಂತ ಯಾರಾದ್ರೂ ಅಂದ್ರೆ ನಂಗೆ ಈಗ್ಲೂ ಸಿಟ್ಟು ಬರುತ್ತೆ, ಅಪ್ಪ ಮಾಡಿದ್ದು ದೊಡ್ಡ ತ್ಯಾಗ ಅಂತ ಪಾದ್ರಿಗಳು ಹೊಗಳಿದ್ರೂ ಅಷ್ಟೇ ಸಿಟ್ಟು ಬರುತ್ತೆ. ನಾನು ಫೀಸು ಹೊಂದಿಸೋಕೆ ಅವ್ವನ ಬೋರಮಾಳ ಅಡ ಇಟ್ಟ ವರ್ಷ ಆ ಹೊಗಳಿಕೆ ಯಾರ ಉಪಯೋಗಕ್ಕೂ ಬರಲಿಲ್ಲ.

2024ರ ನವೆಂಬರಲ್ಲಿ ಸುಪ್ರೀಂ ಕೋರ್ಟ್ ಪುದುಚೇರಿಯ ಒಬ್ಬ ಹೆಣ್ಣುಮಗಳ ಕೇಸಲ್ಲಿ ತೀರ್ಪು ಕೊಡ್ತು, ದೀಕ್ಷಾಸ್ನಾನ ಆಗಿ ಚರ್ಚಿಗೆ ಹೋಗ್ತಾ ಇದ್ದು ಬರೀ ಮೀಸಲಾತಿಗೆ ಹಿಂದೂ ಅಂತ ಹೇಳ್ಕೊಂಡ್ರೆ ಅದು ಸಂವಿಧಾನಕ್ಕೆ ಮಾಡೋ ಮೋಸ ಅಂತ. ಆ ವರ್ಷ ಕ್ರಿಸ್‌ಮಸ್ಸಿಗೆ ಕಾಕಾನ ಮನೆಯವರು ಗ್ರೂಪ್ ಫೋಟೋಕ್ಕೆ ನಿಲ್ಲಲಿಲ್ಲ.

ಸರಿ, ಆ ಭಾನುವಾರಕ್ಕೆ ಬರ್ತೀನಿ. ಆರಾಧನೆಗೆ ಮುಂಚೆ ಗೇಟಿನ ಹತ್ರ ನಾನು ಅವ್ವನ ತಟ್ಟೆ ಹಿಡ್ಕೊಂಡು ನಿಂತಿದ್ದೆ, ಬಂದೋರಿಗೆಲ್ಲಾ ರಿಬ್ಬನ್ ಚುಚ್ಚೋದು. ಮುದುಕಿಯರು ಎದೆ ಮುಂದೆ ಮಾಡಿ ನಿಂತು ಚುಚ್ಚಿಸ್ಕೊಂಡ್ರು. ಕೆಲವು ಗಂಡಸರು ಕೈಗೆ ಇಸ್ಕೊಂಡು ಜೇಬಿಗೆ ಹಾಕ್ಕೊಂಡ್ರು, ಯಾಕೆ ಅಂತ ಕೇಳೋ ಹಾಗಿಲ್ಲ, ಗೊತ್ತೇ ಇದೆ. ಕಾಕಾನ ಮಗ, ಕೆಪಿಎಸ್‌ಸಿಗೆ ಓದ್ತಾ ಇದಾನೆ, "ಅಕ್ಕಾ, ಇಲ್ಲಿ ಹಚ್ಚು" ಅಂತ ಶರ್ಟಿನ ಜೇಬಿನ ಒಳಗಡೆ ಬಟ್ಟೆ ತೋರಿಸ್ದ. ಹೊರಗೆ ಕಾಣಬಾರ್ದು, ಆದ್ರೆ ಇರಬೇಕು. ಹಚ್ಚಿದೆ.

ಬ್ಯಾನರ್ ಇನ್ನೊಂದು ಕತೆ. ಫ್ಲೆಕ್ಸ್‌ನಲ್ಲಿ ದೊಡ್ಡದಾಗಿ "ಪ್ಯಾರಾ 3 ರದ್ದುಗೊಳಿಸಿ", ಅದರ ಕೆಳಗೆ "ದಲಿತ ಕ್ರೈಸ್ತರಿಗೆ ಪರಿಶಿಷ್ಠ ಸ್ಥಾನಮಾನ ನೀಡಿ". ಅಪ್ಪ ನೋಡಿದವರೇ ನಿಂತುಬಿಟ್ರು. "ಪರಿಶಿಷ್ಟಕ್ಕ ಠ ಹಾಕ್ಯಾರಲ್ಲೋ, ಕೇಳೋದು ಕೇಳ್ತೀರಿ, ಹೆಸರಾದ್ರೂ ಸರಿ ಬರೀಬಾರ್ದಾ" ಅಂತ ಸಂಡೇ ಸ್ಕೂಲಿನಿಂದ ಮಾರ್ಕರ್ ತರಿಸಿ, ಬಿಳಿ ಸ್ಟಿಕ್ಕರ್ ಅಂಟಿಸಿ, ಅದರ ಮೇಲೆ ಮುದ್ದಾಗಿ ಟ ಒತ್ತು ಬರೆದ್ರು. ಐದು ನಿಮಿಷ ಇಡೀ ಪ್ರತಿಭಟನೆ ಒಂದು ಒತ್ತಕ್ಷರಕ್ಕೆ ಕಾಯ್ತಾ ನಿಂತಿತ್ತು. ಆಮೇಲೆ ಗೇಟಿನ ಮುಂದೆ ಬ್ಯಾನರ್ ಹಿಡಿದು ಫೋಟೋ, ಒಂದು ತುದಿ ಅಪ್ಪನ ಕೈಲಿ, ಇನ್ನೊಂದು ತುದಿ ಹಿಡಿಯೋರಿಲ್ಲದೆ ಗಾಳಿಗೆ ಮಡಚ್ಕೊಳ್ತಾ ಇತ್ತು ಅಂತ ಯಾರೋ ಓಡಿ ಬಂದು ಹಿಡ್ಕೊಂಡ್ರು, ನಾನು ಟಕಟಕ ಅಂತ ನಾಲ್ಕೈದು ಹೊಡೆದೆ.

ಪಾದ್ರಿಗಳ ಪ್ರಸಂಗ ಬೈಬಲಿನ ಆಮೋಸ ಅನ್ನೋ ಪ್ರವಾದಿಯ ಪುಸ್ತಕದ ಮೇಲೆ. ಈ ದಿನ ಬಂದ್ರೆ ಎಲ್ಲಾ ಕಡೆ ಅದೇ, ಐದನೇ ಅಧ್ಯಾಯದ 24ನೇ ವಚನ, ನ್ಯಾಯ ನೀರಿನ ಹಾಗೆ ಹರೀಲಿ ಅನ್ನೋದು, ಪೋಸ್ಟರಿಗೂ ಅದೇ ಸ್ಟೇಟಸ್ಸಿಗೂ ಅದೇ. ನನಗೆ ಒಂದು ಕೆಟ್ಟ ಅಭ್ಯಾಸ, ಪಾದ್ರಿಗಳು ಒಂದು ವಚನ ಓದಿದ್ರೆ ನಾನು ಅದರ ಹಿಂದಿಂದು ಓದ್ತೀನಿ. 23ರಲ್ಲಿ ದೇವರು ನಿಮ್ಮ ಹಾಡಿನ ಗದ್ದಲ ನನಗೆ ಬೇಡ, ನಿಮ್ಮ ವಾದ್ಯ ಕೇಳಲ್ಲ ಅಂತಾನೆ. ಅಂದ್ರೆ ಆಮೋಸ ಬೈತಾ ಇರೋದು ಆರಾಧನೆಗೆ ಬಂದು ಕೂತೋರನ್ನೇ. ಅದು ಪ್ರಸಂಗದಲ್ಲಿ ಬರಲಿಲ್ಲ. ಆಮೇಲೆ ಕೀಬೋರ್ಡ್ ಹಾಕಿ ಮೂರು ಹಾಡು ಹಾಡಿದ್ವಿ.

ಆರಾಧನೆ ಮುಗಿದ್ಮೇಲೆ ಹಾಲಿನಲ್ಲಿ ಮೀಟಿಂಗು. ಒಬ್ಬ ಯುವ ವಕೀಲರು ಬಂದಿದ್ರು, ನಮ್ಮವರೇ. ಅವರು ಭಾಷಣ ಮಾಡಲಿಲ್ಲ, ಅದೇ ನಂಗೆ ಇಷ್ಟ ಆಗಿದ್ದು, ಸುಮ್ನೆ ಒಂದು ಕೇಸಿನ ಕತೆ ಹೇಳಿದ್ರು. ಮದ್ರಾಸಿನಲ್ಲಿ ಸೂಸೈ ಅಂತ ಒಬ್ರು, ರಸ್ತೆ ಪಕ್ಕ ಕೂತು ಚಪ್ಪಲಿ ಹೊಲಿಯೋರು, ಆದಿ ದ್ರಾವಿಡ ಜಾತಿಯಿಂದ ಕ್ರೈಸ್ತರಾದವರು. ಹಾಗೆ ರಸ್ತೇಲಿ ಕೂತು ಕೆಲಸ ಮಾಡೋರಿಗೆ ಪುಕ್ಕಟೆ ಗೂಡಂಗಡಿ ಕೊಡೋ ಒಂದು ಸ್ಕೀಮ್ ಬಂತು, ಪಕ್ಕದಲ್ಲಿ ಅದೇ ಕೆಲಸ ಮಾಡೋರಿಗೆ ಕೊಟ್ರು, ಇವರು ಕ್ರೈಸ್ತ ಅಂತ ಇವರಿಗೆ ಕೊಡಲಿಲ್ಲ. ಸುಪ್ರೀಂ ಕೋರ್ಟ್ ತನಕ ಹೋದ್ರು. 1985ರಲ್ಲಿ ಕೋರ್ಟು ಏನಂತು ಅಂದ್ರೆ, ಮತಾಂತರ ಆದ್ಮೇಲೂ ಜಾತಿ ಉಳಿದಿದೆ ಅಂತ ತೋರಿಸಿದ್ರೆ ಸಾಲದು, ಹೊಸ ಧರ್ಮದ ಒಳಗೂ ಹಿಂದಿನಷ್ಟೇ ತೀವ್ರವಾಗಿ ಆ ಕಷ್ಟ ಮುಂದುವರಿದಿದೆ ಅಂತ ಸಾಕ್ಷ್ಯ ಬೇಕು, ಅಂಥ ಸಾಕ್ಷ್ಯ ನಮ್ಮ ಮುಂದೆ ಬಂದಿಲ್ಲ ಅಂತ. ಸೂಸೈ ಸೋತರು.

ಆಮೇಲೆ ಆಯೋಗಗಳ ವಿಷಯ ಬೇಗ ಬೇಗ ಹೇಳಿದ್ರು. ರಂಗನಾಥ ಮಿಶ್ರ ಆಯೋಗ 2007ರಲ್ಲೇ ಪರಿಶಿಷ್ಟ ಸ್ಥಾನಮಾನಕ್ಕೂ ಧರ್ಮಕ್ಕೂ ಗಂಟು ಬಿಚ್ಚಿ ಅಂತ ವರದಿ ಕೊಡ್ತು, 2009ರ ಡಿಸೆಂಬರಲ್ಲಿ ಸಂಸತ್ತಲ್ಲಿ ಮಂಡನೆ ಆಯ್ತು, ಅಲ್ಲೇ ಕೂತಿದೆ. 2022ರ ಅಕ್ಟೋಬರಲ್ಲಿ ಇದೇ ಪ್ರಶ್ನೆ ನೋಡೋಕೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ ಆಯ್ತು, 2 ವರ್ಷ ಅಂತ ಕೊಟ್ಟು ಇನ್ನೊಂದು ವರ್ಷ ಎಳೆದಿದ್ರು. 2025ರ ಏಪ್ರಿಲ್ ಕೊನೆಗೆ ಆಂಧ್ರ ಹೈಕೋರ್ಟು ಒಬ್ಬ ಪಾಸ್ಟರ ಕೇಸಲ್ಲಿ, ಜಾತಿ ಹೆಸರು ಹಿಡಿದು ಬೈದು ಹೊಡೆದ್ರು ಅಂತ ಅವರು ಕೊಟ್ಟ ದೂರಿದ್ದರೂ, ಮತಾಂತರ ಆದ ಮೇಲೆ ಅಟ್ರಾಸಿಟಿ ಕಾಯ್ದೆ ಅನ್ವಯ ಆಗಲ್ಲ ಅಂತ ಕೇಸೇ ತೆಗೆದುಹಾಕ್ತು. ಮೀಸಲಾತಿ ಅಂದ್ರೆ ಬರೀ ಸೀಟು ನೌಕರಿ ಅಂದ್ಕೊಂಡಿರೋರಿಗೆ ಇದು ಗೊತ್ತಿರಲ್ಲ, ಬೈಗುಳ ತಿಂದಾಗ ಪೊಲೀಸ್ ಸ್ಟೇಷನ್ನಲ್ಲಿ ಯಾವ ಸೆಕ್ಷನ್ ಬರೀತಾರೆ ಅನ್ನೋದೂ ಅದೇ ಪ್ಯಾರಾದ ಮೇಲೆ ನಿಂತಿದೆ.

ಆಮೇಲೆ ವಕೀಲರು ಒಂದು ಬಿಳಿ ಹಾಳೆ ಕಟ್ಟು ಮೇಜಿನ ಮೇಲಿಟ್ಟು ಮೆತ್ತಗೆ ಕೇಳಿದ್ರು, "ಕೋರ್ಟಿಗೆ, ಆಯೋಗಕ್ಕೆ ಸಾಕ್ಷ್ಯ ಬೇಕ್ರಿ. ಹೊರಗಿನವ್ರು ಮಾಡಿದ್ದು ಎಲ್ಲಾರೂ ಹೇಳ್ತಾರ. ನಮ್ಮ ಚರ್ಚಿನ ಸಭೆಯೊಳಗ ಏನಾಗ್ಯದ, ಅದನ್ನ ಬರಕೊಡೋರು ಯಾರರೆ ಇದ್ದೀರಾ?"

ಫ್ಯಾನಿನ ಸದ್ದು ಒಂದೇ. ಬೆಳಿಗ್ಗೆ ದಿಲ್ಲಿಗೆ ಧಿಕ್ಕಾರ ಕೂಗಿದ ಬಾಯಿಗಳೆಲ್ಲಾ ಮುಚ್ಚಿಕೊಂಡವು, ನಂದೂ ಸೇರಿ. ಮುಂದಿನ ಕುರ್ಚೀಲಿದ್ದ ಒಬ್ಬ ಹಿರಿಯರು, ಅವರ ಮನೆತನ ಮೊದಲು ಬೇರೆ ಜಾತಿ, ಮೇಲಿನದು, ಒಳ್ಳೇ ಮನುಷ್ಯರೇ, ನನ್ನ ಅಕ್ಕನ ಮದುವೆಗೆ ಪೆಂಡಾಲ್ ಹಾಕಿಸಿಕೊಟ್ಟವರು, ಅವರು ಎದ್ದು "ನಮ್ಮ ಸಭೆದಾಗ ಅಂಥಾದ್ದೇನಿಲ್ರಿ ವಕೀಲ್ರ, ನಾವೆಲ್ಲಾ ಕ್ರಿಸ್ತನಲ್ಲಿ ಒಂದೇ" ಅಂದ್ರು. ಸುಳ್ಳು ಹೇಳೋ ಮುಖ ಅಲ್ಲ ಅದು. ಅವರಿಗೆ ನಿಜವಾಗ್ಲೂ ಕಂಡಿರಲಿಲ್ಲ.

ಅಪ್ಪ ಎದ್ದರು. ಮೇಷ್ಟ್ರ ದನಿ, ಜೋರಿಲ್ಲ. "ನಮ್ಮವ್ವ ಪ್ರಭುಭೋಜನಕ್ಕ ಯಾವಾಗೂ ಕಡೀಗೇ ಹೋಗ್ತಿದ್ಳು" ಅಂದ್ರು, ಗುಡಿಯಲ್ಲಿ ರೊಟ್ಟಿ ದ್ರಾಕ್ಷಾರಸ ಕೊಡೋ ವಿಧಿ ಅದು. "ಎಪ್ಪತ್ತು ವರ್ಷ. ಯಾರೂ ಆಕಿಗಿ ಹೋಗಬ್ಯಾಡ ಅಂದಿಲ್ಲ. ಮುಂದಿನ ಬೆಂಚಿನವ್ರೆಲ್ಲಾ ಪಾತ್ರಿಗಿ ತುಟಿ ಹಚ್ಚಿ ಬಂದ ಮ್ಯಾಲ ಆಕಿ ಏಳಾಕಿ. ಒಮ್ಮಿ ಸಣ್ಣಾವಿದ್ದಾಗ ನಾ ಓಡಿ ಮೊದಲ ಹೋದೆ. ಅವತ್ತ ನನ್ನ ಹಿಂದ ನಿಂತವ್ರು ಪಾತ್ರಿ ಮುಟ್ಟಲಿಲ್ಲ, ರೊಟ್ಟಿ ಅಷ್ಟೇ ತಗೊಂಡು ವಾಪಸ್ ಹೋದ್ರು. ಮನಿಗಿ ಬಂದ ಮ್ಯಾಲ ನಮ್ಮವ್ವ ಬಡೀಲಿಲ್ಲ. ಕಡೀಗಿ ಹೋದ್ರ ದ್ರಾಕ್ಷಾರಸ ಜಾಸ್ತಿ ಉಳದಿರ್ತದೋ ಹುಚ್ಚಾ ಅಂದ್ಳು."

ಆ ಮಾತು ನಾನು ಚಿಕ್ಕಂದಿನಿಂದ ಕೇಳಿದೀನಿ, ಅಜ್ಜಿ ಬಾಯಿಂದಲೇ. ಅಜ್ಜಿಯ ಜೋಕು ಅಂತ ನಾವು ಮಕ್ಕಳೆಲ್ಲಾ ನಗ್ತಿದ್ವಿ, ಮದುವೆ ಊಟದಲ್ಲಿ ಕೊನೇ ಪಂಕ್ತಿ ಸಿಕ್ಕಿದಾಗೆಲ್ಲಾ ನಾನೇ ಅದನ್ನ ಹೇಳಿ ನಗಿಸಿದೀನಿ. ಅದರ ಹಿಂದಿನ ಕತೆ, ಅಪ್ಪ ಓಡಿದ್ದು, ಪಾತ್ರೆ ಮುಟ್ಟದೆ ಹೋದವರು, ಅದು ಅವತ್ತೇ ಮೊದಲು ಕೇಳಿದ್ದು. ಪಕ್ಕದಲ್ಲಿ ಅವ್ವನ ಮುಖ ನೋಡಿದೆ, ಅವಳಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ, ಸೆರಗಿನ ಚುಂಗು ಬೆರಳಿಗೆ ಸುತ್ತುತಾ ಕೂತಿದ್ಲು.

ನಂಗೆ ತಲೆ ಕೆಟ್ಟಿದ್ದು ಇಲ್ಲೇ. ಕಾನೂನು ನಮ್ಮನ್ನ ನಿಲ್ಲಿಸಿರೋ ಜಾಗ ನೋಡಿ, ಗೆಲ್ಲಬೇಕು ಅಂದ್ರೆ ನಮ್ಮ ಸಭೆ ಸೋತಿದೆ ಅಂತ ನಾವೇ ಸಾಬೀತು ಮಾಡಬೇಕು. ಸಭೆ ಒಳ್ಳೇದು ಅಂತ ಸಾಕ್ಷಿ ಹೇಳಿದ್ರೆ ಹಾಗಾದ್ರೆ ನಿಮಗೇನು ಕಷ್ಟ ಅಂತಾರೆ, ಕೆಟ್ಟದ್ದು ಅಂತ ಹೇಳಿದ್ರೆ ಮತ್ಯಾಕೆ ಹೋದ್ರಿ ಅಂತಾರೆ. 2016ರಲ್ಲಿ ಕ್ಯಾಥೋಲಿಕ್ ಬಿಷಪರ ಮಂಡಳಿ ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ಕಾಗದದ ಮೇಲೆ ಒಪ್ಕೊಂಡು ಒಂದು ದಲಿತ ನೀತಿ ಹೊರಡಿಸ್ತು, ನಾವು ಬೇರೆ ಸಭೆಯವರು, ಆದ್ರೂ ಆ ಸುದ್ದಿ ಓದಿದಾಗ ಹಗುರ ಆದಂಗೆ ಆಗಿತ್ತು. ಆದ್ರೆ ದಿಲ್ಲಿಯಲ್ಲಿ ಕೂತು ಒಪ್ಕೊಳ್ಳೋದಕ್ಕೂ, ನಾಳೆ ಮತ್ತೆ ಮುಖ ನೋಡಬೇಕಾದವರ ಎದುರು ಒಪ್ಕೊಳ್ಳೋದಕ್ಕೂ ಬಹಳ ದೂರ ಇದೆ. ನಾನು ಬೆಂಗಳೂರಲ್ಲಿ ಪ್ಯಾರಾ 3ರ ಬಗ್ಗೆ ಎರಡು ಲೇಖನ ಬರೆದವಳು, ಎರಡರಲ್ಲೂ ನಮ್ಮ ಗುಡಿಯ ಒಂದು ಬೆಂಚಿನ ಹೆಸರೂ ಇಲ್ಲ.

ಅಪ್ಪ ಅಲ್ಲೇ ನಿಂತು ಒಂದೂವರೆ ಹಾಳೆ ಬರೆದ್ರು, ದುಂಡು ಅಕ್ಷರ, ಮಾರ್ಜಿನ್ ಬಿಟ್ಟು. ಪಾಸ್ಟರು ಪಕ್ಕ ಬಂದು ಓದಿ "ಸರ, ಸಭೆ ಹೆಸರು ಹಾಕಲೇಬೇಕೇನ್ರಿ?" ಅಂದ್ರು. "ಹಾಕಬೇಕಾಗ್ತದ್ರಿ" ಅಂದ್ರು ಅಪ್ಪ. "ಹಂಗಾದ್ರ ಒಮ್ಮಿ ಕಮಿಟಿದಾಗ ಇಟ್ಟು ನೋಡಮ್ರಿ, ಮುಂದಿನ ವಾರ." ಆ ಪಾಸ್ಟರೂ ನಮ್ಮ ಓಣಿಯ ಜಾತಿಯವರೇ, ಅವರ ಕಷ್ಟ ಅವರಿಗೆ, ಸಂಬಳ ಬರೋದು ಆ ಕಮಿಟಿಯಿಂದ. ವಕೀಲರು ಹಾಳೆ ಮಡಚಿ ಬ್ಯಾಗಿಗೆ ಹಾಕ್ಕೊಂಡ್ರು, ಕಮಿಟಿಗೆ ಒಂದು ಜೆರಾಕ್ಸ್ ಕಳಿಸ್ತೀನಿ ಅಂದ್ರು. ಪೆಂಡಾಲ್ ಹಾಕಿಸಿದ ಹಿರಿಯರು ಅಪ್ಪನ ಹತ್ರ ಬಂದು ಏನೋ ಹೇಳೋಕೆ ಹೋಗಿ, ಹೇಳದೆ, ಭುಜ ಮುಟ್ಟಿ ಹೊರಟ್ರು.

ಸಾಯಂಕಾಲ ಗೋಡೆಯ ಆ ಕಡೆಯಿಂದಲೇ ಕಾಕಾನ ಮಗ ಫೋನ್ ಮಾಡ್ದ, ಕೂಗಿದ್ರೆ ಕೇಳಿಸುತ್ತೆ, ಆದ್ರೂ ಫೋನು. "ಅಕ್ಕಾ, ಬೆಳಿಗ್ಗಿ ಫೋಟೋ ಎಲ್ಲಾರೆ ಹಾಕ್ದಿ ಏನು?" ಇನ್ನೂ ಇಲ್ಲ ಅಂದೆ. "ಹಾಕೋದಾದ್ರ ಬಲಗಡಿ ಕ್ರಾಪ್ ಮಾಡು. ಬ್ಯಾನರ್ ಬೀಳ್ಲತ್ತಿತ್ತು, ಹಿಡಿಯೋರು ಯಾರೂ ಇರ್ಲಿಲ್ಲ ಅಂತ..." ಅಂದು ಸುಮ್ನಾದ.

ಫೋಟೋ ತೆಗೆದು ನೋಡಿದೆ. ಅಪ್ಪ, ಮುದುಕಿಯರು, ಟ ಒತ್ತಿನ ಬಿಳಿ ಸ್ಟಿಕ್ಕರ್ರು, ಬಲತುದೀಲಿ ಅವನು. ಮುಖ ಹೋಗೋ ತನಕ ಕ್ರಾಪ್ ಮಾಡಿದೆ, ಭುಜ ಹೋಯ್ತು, ಜೇಬೂ ಹೋಯ್ತು. ಇನ್ನೊಂಚೂರು ಒಳಗೆ ಎಳೆದ್ರೆ ಬ್ಯಾನರಿನ ಅಕ್ಷರ ಕತ್ತರಿಸಿ ಹೋಗುತ್ತೆ ಅಂತ ಅಲ್ಲಿಗೇ ಬಿಟ್ಟೆ, ಫ್ಲೆಕ್ಸಿನ ಅಂಚು ಹಿಡಿದಿದ್ದ ಅವನ ನಾಲ್ಕು ಬೆರಳು ಹಂಗೇ ಉಳಿದವು.