ಫಾರ್ಮೇಶನ್ ಬರೆಯುವ ಮುನ್ನ ಅಂತರ ಅಳೆಯಿರಿ: ಮೊರಾಕ್ಕೊ ಪಂದ್ಯಗಳು ಕಲಿಸಿದ್ದು

ಎದುರಾಳಿ ತಂಡದ ವರದಿ ಕೈಗೆತ್ತಿಕೊಂಡ ಕೋಚ್ ಮೊದಲು ಹುಡುಕುವುದು ಫಾರ್ಮೇಶನ್, ಅಂದರೆ ಆಟಗಾರರು ಮೈದಾನದಲ್ಲಿ ಸಾಲುಸಾಲಾಗಿ ನಿಲ್ಲುವ ವಿನ್ಯಾಸ. ಫುಟ್‌ಬಾಲ್ ಪಂದ್ಯಗಳ ವಿಡಿಯೊ ವಿಶ್ಲೇಷಣೆಯೇ ನನ್ನ ಉದ್ಯೋಗವಾದ್ದರಿಂದ ಅದನ್ನು ಬರೆಯದೆ ವಿಧಿಯಿಲ್ಲ. ಆದರೆ 4-3-3 (ಹಿಂದೆ ನಾಲ್ವರು, ನಡುವೆ ಮೂವರು, ಮುಂದೆ ಮೂವರು) ಎಂದಷ್ಟೇ ಬರೆದರೆ ಮೈದಾನಕ್ಕಿಳಿಯುವ ಆಟಗಾರನಿಗೆ ಅದರಿಂದ ಏನೂ ದಕ್ಕುವುದಿಲ್ಲ. ಹೊಸದಾಗಿ ಸೇರಿದ ಸಹೋದ್ಯೋಗಿಗಳಿಗೆ ಇದನ್ನು ಮನವರಿಕೆ ಮಾಡಿಸಲು ನಾನು ತೋರಿಸುವುದು 2022ರ ಕತಾರ್ ವಿಶ್ವಕಪ್‌ನಲ್ಲಿ ಮೊರಾಕ್ಕೊ ಆಡಿದ ಪಂದ್ಯಗಳನ್ನು.

ವಾಲಿದ್ ರೆಗ್ರಾಗಿ ಕೋಚ್ ಆಗಿ ಆ ತಂಡದ ಹೊಣೆ ಹೊತ್ತಾಗ ವಿಶ್ವಕಪ್‌ಗೆ ಮೂರು ತಿಂಗಳೂ ಉಳಿದಿರಲಿಲ್ಲ. ಕಾಗದದ ಮೇಲೆ ಅವರದು 4-3-3. ಚೆಂಡು ಎದುರಾಳಿಯ ಕಾಲಿಗೆ ಹೋದೊಡನೆ ಅದೇ ತಂಡ 4-1-4-1 ಆಗುತ್ತಿತ್ತು; ನಾಲ್ವರ ಎರಡು ಸಾಲುಗಳ ನಡುವೆ ಮಿಡ್‌ಫೀಲ್ಡರ್ ಸೋಫಿಯಾನ್ ಅಮ್ರಾಬತ್ ಒಬ್ಬರೇ.

ಡಿಸೆಂಬರ್ 6ರ ಸ್ಪೇನ್ ಪಂದ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಬೇಕು. ಸ್ಪೇನಿನ ಸೆಂಟರ್ ಬ್ಯಾಕ್ (ಹಿಂದಿನ ಸಾಲಿನ ನಡುವಿನ ರಕ್ಷಣಾ ಆಟಗಾರ) ಕಾಲಲ್ಲಿ ಚೆಂಡಿದೆ, ಯಾರೂ ಮೇಲೆರಗುವುದಿಲ್ಲ. ಮೊರಾಕ್ಕೊದ ಮುಂಚೂಣಿ ಆಟಗಾರ ಯೂಸೆಫ್ ಎನ್-ನೆಸಿರಿ ಚೆಂಡಿನತ್ತ ಓಡುವ ಬದಲು ಸ್ಪೇನಿನ ಮಿಡ್‌ಫೀಲ್ಡರ್ ಸೆರ್ಜಿಯೊ ಬುಸ್ಕೆಟ್ಸ್‌ಗೆ ಪಾಸ್ ಹೋಗುವ ದಾರಿಯಲ್ಲೇ ನಿಂತಿದ್ದಾರೆ. ನಡುವಿನ ದಾರಿ ಮುಚ್ಚಿದ್ದರಿಂದ ಚೆಂಡು ಅಂಚಿಗೆ, ಸ್ಪೇನಿನ ಡಾನಿ ಓಲ್ಮೊ ಕಡೆಗೆ ಹೋಗುತ್ತದೆ. ಆಗ ಮೊರಾಕ್ಕೊದ ಬಲಬದಿಯ ರಕ್ಷಣಾ ಆಟಗಾರ ಅಶ್ರಫ್ ಹಕಿಮಿ ಮುಂದೆ ಬರುತ್ತಾರೆ, ಅದೇ ಬದಿಯ ಮುಂಚೂಣಿ ಆಟಗಾರ ಹಕೀಮ್ ಜಿಯೆಚ್ ಹಿಂದಕ್ಕಿಳಿಯುತ್ತಾರೆ, ಮಿಡ್‌ಫೀಲ್ಡರ್ ಅಜ್ಜೆದ್ದೀನ್ ಉನಾಹಿ ಒಳಬದಿಯನ್ನು ಮುಚ್ಚುತ್ತಾರೆ. ಹಕಿಮಿ ಬಿಟ್ಟುಬಂದ ಜಾಗದತ್ತ ಅಮ್ರಾಬತ್ ಸರಿಯುತ್ತಾರೆ. ಒಬ್ಬ ಕದಲಿದರೆ ಉಳಿದವರೆಲ್ಲ ಕದಲುತ್ತಾರೆ, ಸಾಲುಗಳ ನಡುವಿನ ಅಂತರ ಮಾತ್ರ ಹಿಗ್ಗುವುದಿಲ್ಲ. ಇಂಥ ಚೌಕಟ್ಟುಗಳನ್ನು ನೋಡುತ್ತಾ ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಮಾಡಿತು, 120 ನಿಮಿಷದಲ್ಲಿ ಗೋಲು ಬರಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಮೊರಾಕ್ಕೊ 3-0 ಗೆದ್ದಿತು. ಅದರ ಗೋಲ್‌ಕೀಪರ್ ಯಾಸಿನ್ ಬೂನು ಎರಡು ಹೊಡೆತ ತಡೆದರು, ಒಂದು ಕಂಬಕ್ಕೆ ಬಡಿಯಿತು. ಕ್ವಾರ್ಟರ್ ಫೈನಲ್‌ನಲ್ಲಿ ಪೋರ್ಚುಗಲ್ ವಿರುದ್ಧ ಎನ್-ನೆಸಿರಿ ತಲೆಯಿಂದ ಗೋಲು ಹೊಡೆದರು. ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡ ಅದು. ಅಲ್ಲಿಯವರೆಗೆ ಬಿಟ್ಟುಕೊಟ್ಟದ್ದು ಒಂದೇ ಗೋಲು, ಅದೂ ಕೆನಡಾ ವಿರುದ್ಧ ನಾಯೆಫ್ ಅಗೇರ್ದ್ ಕಾಲಿಗೆ ತಗುಲಿ ಸ್ವಂತ ಬಲೆಗೇ ಹೋದದ್ದು.

ಇದನ್ನು ಬರೀ ರಕ್ಷಣೆಯ ಆಟ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಚೆಂಡು ಸಿಕ್ಕೊಡನೆ ಬಲಬದಿಯಲ್ಲಿ ಹಕಿಮಿ, ಜಿಯೆಚ್, ಉನಾಹಿ ತ್ರಿಕೋನ ಕಟ್ಟಿ ಒತ್ತಡದಿಂದ ಹೊರಬರುತ್ತಿದ್ದ ರೀತಿ ನೋಡಿ. ಒಬ್ಬರಿಗೊಬ್ಬರು ಹತ್ತಿರವಿದ್ದುದರಿಂದಲೇ ಆ ಸಣ್ಣ ಪಾಸುಗಳು ಸಾಧ್ಯವಾದವು. ಪಂದ್ಯದ ಬಳಿಕ ಸ್ಪೇನಿನ ಕೋಚ್ ಲೂಯಿಸ್ ಎನ್ರಿಕೆ ಉನಾಹಿಯ ಆಟಕ್ಕೆ ಬೆರಗಾದದ್ದು ಸುಮ್ಮನೆ ಅಲ್ಲ.

ಡಿಸೆಂಬರ್ 14ರ ಸೆಮಿಫೈನಲ್ ನನ್ನ ಕೆಲಸಕ್ಕೆ ಇನ್ನೂ ಹೆಚ್ಚು ಒದಗಿತು. ಫ್ರಾನ್ಸ್ ವಿರುದ್ಧ ರೆಗ್ರಾಗಿ ಐವರು ರಕ್ಷಣಾ ಆಟಗಾರರೊಂದಿಗೆ ಆರಂಭಿಸಿದರು. ಅಗೇರ್ದ್ ಪಂದ್ಯಕ್ಕೆ ಸ್ವಲ್ಪ ಮೊದಲು ಹೊರಗುಳಿದರು, ನಾಯಕ ರೊಮೇನ್ ಸೈಸ್ ಗಾಯದಿಂದ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಲೆಕ್ಕಕ್ಕೆ ಹಿಂದೆ ಒಬ್ಬ ಹೆಚ್ಚಿದ್ದರೂ ಐದನೇ ನಿಮಿಷದಲ್ಲೇ ಗೋಲು ಬಿತ್ತು: ಫ್ರಾನ್ಸಿನ ವರಾನ್ ಕೊಟ್ಟ ಪಾಸ್ ತಡೆಯಲು ಮೊರಾಕ್ಕೊದ ರಕ್ಷಣಾ ಆಟಗಾರ ಎಲ್ ಯಾಮಿಕ್ ಮುಂದೆ ಜಾರಿದರು, ಅವರ ಹಿಂದಿನ ಖಾಲಿ ಜಾಗಕ್ಕೆ ಫ್ರಾನ್ಸಿನ ಗ್ರೀಜ್‌ಮನ್ ನುಗ್ಗಿದರು, ಕೊನೆಗೆ ಥಿಯೊ ಹೆರ್ನಾಂಡೆಜ್ ಚೆಂಡನ್ನು ಬಲೆಗಟ್ಟಿದರು. 21ನೇ ನಿಮಿಷದಲ್ಲಿ ಸೈಸ್ ಹೊರನಡೆದು ಮಿಡ್‌ಫೀಲ್ಡರ್ ಸೆಲಿಮ್ ಅಮಲ್ಲಾಹ್ ಬಂದ ಮೇಲೆ ತಂಡ ತನ್ನ ಹಳೆಯ ನಾಲ್ವರ ಸಾಲಿಗೆ ಮರಳಿತು, ಆಟವೂ ಮರಳಿತು. ಸೋತದ್ದು 2-0 ಅಂತರದಲ್ಲಿ, ಆದರೂ ಚೆಂಡು ಹೆಚ್ಚು ಹೊತ್ತು ಮೊರಾಕ್ಕೊ ಬಳಿಯೇ ಇತ್ತು.

ಈಗ ನಮ್ಮ ವರದಿಯ ಮೊದಲ ಪುಟದಲ್ಲಿ ಮೂರು ಚಿತ್ರಗಳಿರುತ್ತವೆ: ಚೆಂಡು ನಡುವಿನಲ್ಲಿದ್ದಾಗ, ಅಂಚಿನಲ್ಲಿದ್ದಾಗ, ಆಗಷ್ಟೇ ಕಳೆದುಕೊಂಡಾಗ ಎದುರಾಳಿ ತಂಡ ನಿಲ್ಲುವ ಬಗೆ. ಪ್ರತಿಯೊಂದರಲ್ಲೂ ಅತಿ ಅಗಲವಾದ ಖಾಲಿ ಜಾಗಕ್ಕೆ ಬಣ್ಣ ತುಂಬಿರುತ್ತೇವೆ. ಫಾರ್ಮೇಶನ್‌ನ ಅಂಕಿಗಳು ಎರಡನೇ ಪುಟದಲ್ಲಿ ಬರುತ್ತವೆ.