ಪಿಡಿಇ ಕಲಿಯಲು ಒಂದು ಉಕ್ಕಿನ ಸರಳು ಸಾಕು

ತಾಪದಂಥ ಪ್ರಮಾಣ ಜಾಗದಲ್ಲೂ ಕಾಲದಲ್ಲೂ ಹೇಗೆ ಬದಲಾಗುತ್ತದೆ ಎಂದು ಹೇಳುವ ಆಂಶಿಕ ಅವಕಲ ಸಮೀಕರಣಗಳನ್ನು, ಅಂದರೆ ಪಿಡಿಇಗಳನ್ನು, ಕಂಪ್ಯೂಟರಿನಲ್ಲಿ ಬಿಡಿಸಲು ಹೊರಟವರು ಹಲವರು ನೇರವಾಗಿ ದೊಡ್ಡ ಪ್ಯಾಕೇಜಿಗೇ ಕೈಹಾಕುತ್ತಾರೆ. ಬಣ್ಣಬಣ್ಣದ ಚಿತ್ರವೇನೋ ಬರುತ್ತದೆ. ಅದು ಸರಿಯೋ ತಪ್ಪೋ ಹೇಳಲು ದಾರಿಯೇ ಇರುವುದಿಲ್ಲ. ಉತ್ತರ ಮೊದಲೇ ಗೊತ್ತಿರುವ ಲೆಕ್ಕದಿಂದ ಶುರು ಮಾಡಿ: ಸರಳಿನಲ್ಲಿ ಶಾಖ ಹರಡುವ ಸಮೀಕರಣ.

1 ಮೀಟರ್ ಉದ್ದದ ಉಕ್ಕಿನ ಸರಳು, ಎರಡೂ ತುದಿ ಸೊನ್ನೆ ಡಿಗ್ರಿ, ಆರಂಭದ ತಾಪ ಅರ್ಧ ಸೈನ್ ಅಲೆಯ ಆಕಾರದಲ್ಲಿ. ಶಾಖ ಪ್ರಸರಣ ಗುಣಾಂಕ ಆಲ್ಫಾ ಸೆಕೆಂಡಿಗೆ ಸುಮಾರು 0.000012 ಚದರ ಮೀಟರ್. ಆಕಾರ ಬದಲಾಗದೆ ಎತ್ತರ ಮಾತ್ರ ಇಳಿಯುತ್ತ ಸುಮಾರು 2 ಗಂಟೆ 20 ನಿಮಿಷಕ್ಕೆ 37 ಶೇಕಡಾಕ್ಕೆ ಬರಬೇಕು. ಸರಳನ್ನು 50 ಭಾಗ ಮಾಡಿ ಪ್ರತಿ ಬಿಂದುವಿಗೂ ಹೀಗೆ ಬರೆಯಿರಿ: ಹೊಸ ತಾಪ = ಹಳೆಯ ತಾಪ + ಆರ್ × (ಎಡದ ತಾಪ − 2 × ತನ್ನ ತಾಪ + ಬಲದ ತಾಪ). ಆರ್ ಎಂದರೆ ಆಲ್ಫಾವನ್ನು ಕಾಲದ ಹೆಜ್ಜೆಯಿಂದ ಗುಣಿಸಿ, ಗ್ರಿಡ್ ಅಂತರದ (ಪಕ್ಕಪಕ್ಕದ ಬಿಂದುಗಳ ನಡುವಿನ ದೂರದ) ವರ್ಗದಿಂದ ಭಾಗಿಸಿದ್ದು.

ಆರ್ ಬದಲಿಸದೆ ಗ್ರಿಡ್ ಅಂತರವನ್ನು ಅರ್ಧ, ಮತ್ತೆ ಅರ್ಧ ಮಾಡುತ್ತ, ಅದೇ ಗಳಿಗೆಯಲ್ಲಿ ನಿಜವಾದ ಉತ್ತರಕ್ಕೂ ನಿಮ್ಮದಕ್ಕೂ ಇರುವ ವ್ಯತ್ಯಾಸವನ್ನು ಕೋಷ್ಟಕವಾಗಿ ಬರೆಯಿರಿ. ಪ್ರತಿ ಸಲವೂ ದೋಷ ನಾಲ್ಕನೇ ಒಂದಕ್ಕೆ ಇಳಿದರೆ ಕೋಡ್ ಸರಿ. ಇಳಿಯದೇ ನಿಂತರೆ ನೀವು ಬೇರೆ ಯಾವುದೋ ಸಮೀಕರಣ ಬಿಡಿಸುತ್ತಿದ್ದೀರಿ! ಹೊಸ ಬೆಲೆಗಳನ್ನು ಹಳೆಯ ಅರೇಯ (ಬೆಲೆಗಳ ಸಾಲಿನ) ಮೇಲೇ ಬರೆಯುವ ಲೂಪ್ ಇದಕ್ಕೆ ಒಳ್ಳೆಯ ಉದಾಹರಣೆ. ಎಡದ ಬಿಂದು ಆಗಲೇ ಬದಲಾಗಿರುವುದರಿಂದ ಆಲ್ಫಾದ ಬದಲು, ಅದನ್ನು (1 − ಆರ್) ಇಂದ ಭಾಗಿಸಿದ ಬೆಲೆ ಕೆಲಸ ಮಾಡುತ್ತದೆ. ಆರ್ 0.4 ಇದ್ದರೆ ಸರಳು 1.67 ಪಟ್ಟು ಬೇಗ ತಣಿಯುತ್ತದೆ. ಚಿತ್ರ ಮಾತ್ರ ನುಣ್ಣಗೆ, ನಂಬುವಂತೆಯೇ ಇರುತ್ತದೆ. ಪೈಥಾನಿನಲ್ಲಿ ಎರಡನೇ ಅರೇಗೆ ಕಾಪಿ ಮಾಡದೆ ಬರೀ ಹೆಸರು ಕೊಟ್ಟರೂ, ಬಿಂದು ಬಿಂದುವಾಗಿ ಲೂಪ್ ಓಡಿಸುವಾಗ ಇದೇ ಗತಿ. ದೋಷ ಹದಿನಾರನೇ ಒಂದಕ್ಕೆ ಇಳಿದರೆ ಹಿಗ್ಗಬೇಡಿ, ಆರ್ ಆರನೇ ಒಂದು ಆಗಿರಬಹುದು. ಆಗ ಕಾಲದ ದೋಷವೂ ಅಂತರದ ದೋಷವೂ ಒಂದನ್ನೊಂದು ಹೊಡೆದುಹಾಕುತ್ತವೆ.

ಆರ್ ಅರ್ಧ ದಾಟಬಾರದು ಎಂಬುದು ಎಲ್ಲ ಪಠ್ಯದಲ್ಲೂ ಇದೆ. ಆದರೂ 0.6 ಇಟ್ಟು ಓಡಿಸಿ ನೋಡಿ. ಗರಗಸದ ಹಲ್ಲಿನಂಥ ಏರಿಳಿತ ಪ್ರತಿ ಹೆಜ್ಜೆಗೂ ಸುಮಾರು 1.4 ಪಟ್ಟು ಬೆಳೆಯುತ್ತದೆ. ನುಣುಪಾದ ಸೈನ್‌ನಲ್ಲಿ ಅದಕ್ಕೆ ಬೀಜ ದಶಮಾಂಶದ ಹದಿನಾರನೇ ಸ್ಥಾನದ ರೌಂಡಿಂಗ್ ದೋಷ ಮಾತ್ರ, ಹಾಗಾಗಿ ಮೊದಲ 80 ಹೆಜ್ಜೆ ಕಣ್ಣಿಗೆ ಏನೂ ಕಾಣದು; 120ರ ಹೊತ್ತಿಗೆ ಪರದೆ ತುಂಬ ಕಸ. ಹತ್ತು ಹೆಜ್ಜೆ ಓಡಿಸಿ 'ಸರಿಯಿದೆ' ಅನ್ನುವವರು ಬೀಳುವುದು ಇಲ್ಲೇ.

2 ಸೆಂಟಿಮೀಟರ್ ಅಂತರಕ್ಕೆ ಕಾಲದ ಹೆಜ್ಜೆಯ ಮೇಲೆ ಈ ಮಿತಿ 16.7 ಸೆಕೆಂಡ್, 1 ಸೆಂಟಿಮೀಟರಿಗೆ 4.2. ಅಂದರೆ ಗ್ರಿಡ್ ಎರಡು ಪಟ್ಟು ಸೂಕ್ಷ್ಮವಾದರೆ ಕೆಲಸ ಎಂಟು ಪಟ್ಟು, ಮೂರು ಆಯಾಮದಲ್ಲಿ 32 ಪಟ್ಟು.

ಇದರಿಂದ ಪಾರಾಗಲು 1947ರ ಕ್ರ್ಯಾಂಕ್–ನಿಕಲ್ಸನ್ ವಿಧಾನವಿದೆ; ಆವರಣದೊಳಗಿನ ಲೆಕ್ಕಕ್ಕೆ ಅದು ಹಳೆಯ ಮತ್ತು ಹೊಸ ತಾಪಗಳ ಸರಾಸರಿ ಬಳಸುತ್ತದೆ. ಹಾಗಾಗಿ ಪ್ರತಿ ಹೆಜ್ಜೆಗೂ ಮೂರು ಕರ್ಣಗಳ ಮ್ಯಾಟ್ರಿಕ್ಸ್ (ಮೂರು ಕರ್ಣಗಳ ಹೊರಗೆಲ್ಲ ಸೊನ್ನೆ) ಬಿಡಿಸಬೇಕು. ಅದಕ್ಕೆ ಥಾಮಸ್ ಅಲ್ಗಾರಿದಮ್ (ಮೂರು ಕರ್ಣಗಳನ್ನಷ್ಟೇ ಬಳಸಿ ಬಿಡಿಸುವ ವಿಧಾನ) ಬಳಸಿ, ಇನ್ವರ್ಸ್ ತೆಗೆಯಲು ಹೋಗಬೇಡಿ: ಸಾವಿರ ಬಿಂದುವಿಗೆ ಪೂರ್ತಿ ಮ್ಯಾಟ್ರಿಕ್ಸ್ 8 ಎಂಬಿ, ಮೂರು ಕರ್ಣಗಳು 24 ಕೆಬಿ. ಈ ವಿಧಾನ ಸ್ಫೋಟಿಸುವುದಿಲ್ಲ ನಿಜ, ಆದರೆ 100 ಡಿಗ್ರಿಯ ಸರಳಿನ ತುದಿಯನ್ನು ಥಟ್ಟನೆ ಸೊನ್ನೆಗೆ ತಂದರೆ ತುದಿಯ ಬಳಿ ತಾಪ ಮೇಲೆ ಕೆಳಗೆ ಕುಣಿಯುತ್ತದೆ. ಆರ್ 10 ಇದ್ದಾಗ ಗರಗಸದ ಏರಿಳಿತ ಹೆಜ್ಜೆಗೆ ಹತ್ತನೇ ಒಂದರಷ್ಟೂ ಕರಗುವುದಿಲ್ಲ, ಚಿಹ್ನೆ ಮಾತ್ರ ತಿರುಗುತ್ತದೆ. ಮೊದಲ ಎರಡು ಹೆಜ್ಜೆಗಳನ್ನು ಬ್ಯಾಕ್‌ವರ್ಡ್ ಆಯ್ಲರ್ ವಿಧಾನದ (ಸರಾಸರಿಯ ಬದಲು ಹೊಸ ತಾಪಗಳನ್ನೇ ಬಳಸುವುದು) ನಾಲ್ಕು ಅರ್ಧ ಹೆಜ್ಜೆಗಳಾಗಿ ಇಟ್ಟರೆ ಕುಣಿತ ನಿಲ್ಲುತ್ತದೆ.

ಕೊನೆಗೆ ತುದಿಗಳಿಗೆ ಶಾಖನಿರೋಧಕ ಹೊದಿಸಿ, ಸೈನ್ ಬದಲು ಕೊಸೈನ್‌ನಿಂದ ಪರೀಕ್ಷಿಸಿ. ತುದಿಯ ತಾಪ ಪಕ್ಕದ ಬಿಂದುವಿಗೆ ಸಮ ಎಂದು ಬರೆದರೆ ಕೋಷ್ಟಕದಲ್ಲಿ ದೋಷ ಇಳಿಯುವ ಅನುಪಾತ 4ರಿಂದ 2ಕ್ಕೆ ಕುಸಿಯುತ್ತದೆ. ಸರಳಿನ ಆಚೆ ಒಂದು ಕಾಲ್ಪನಿಕ ಬಿಂದು ಇಟ್ಟು, ಅದರ ತಾಪ ಒಳಗಿನ ಮೊದಲ ಬಿಂದುವಿನದ್ದೇ ಎಂದು ಹೇಳಿ. ತುದಿಯ ಸೂತ್ರದಲ್ಲಿ ಆರ್ ಜಾಗಕ್ಕೆ 2 ಆರ್ ಬರುತ್ತದೆ, ಅನುಪಾತ ಮತ್ತೆ 4.